ಕೆಂಡದ ಮುಂದೆ ಬೂಟು

ನಮ್ಮ ಮನೆಯವರು ಚೌಡಪ್ಪ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದುಡಿದವರು. ಕೇರಿಯ ವೀರಭದ್ರ ದೇವರ ಕೆಂಡವನ್ನು ಮೊದಲು ಹಾಯುತ್ತಿದ್ದವರು ಅವರೇ. ಅವರಪ್ಪನ ಕಾಲದಿಂದ ಬಂದ ಮರ್ಯಾದೆ ಅದು.

ತೊಂಬತ್ತೆಂಟರಲ್ಲಿ ಕೆಂಡ ಹಾಯ್ದು ಬಂದವರು ಚಾಪೆಯ ಮೇಲೆ ಕಾಲು ಚಾಚಿ ಕಾಫಿ ಕೇಳಿದರು. ಲೋಟ ಕೊಡಲು ಬಗ್ಗಿದೆ. ಅಂಗಾಲಿನ ಬೊಬ್ಬೆ ಒಡೆದು ಚಾಪೆ ಒದ್ದೆಯಾಗಿತ್ತು.

"ರೀ, ಉರಿಯಲ್ವಾ?"

"ಏನು ಉರಿ?" ಅಂದರು.

ಕೇರಿಯ ಯಜಮಾನ ಲಿಂಗಪ್ಪ ಅಲ್ಲೇ ಇದ್ದ. "ನೋವೇ ಗೊತ್ತಾಗಿಲ್ಲ ಅಂದ್ರೆ ಸ್ವಾಮಿ ಮೈತುಂಬ ಇದ್ದಾನೆ ಮಾರಾಯ್ತಿ!" ಎಂದು ಕೈಮುಗಿದ. ನನಗೆ ಮಾತ್ರ ಅವರ ಚಪ್ಪಲಿ ನೆನಪಾಯಿತು. ಕೆಲವು ತಿಂಗಳಿಂದ ದಾರಿಯಲ್ಲಿ ಚಪ್ಪಲಿ ಕಳಚಿ ಬಿದ್ದರೂ ತಿಳಿಯದೆ ಮುಂದೆ ಹೋಗುತ್ತಿದ್ದರು. ಹಿಂದಿನಿಂದ ನಾನು ಎತ್ತಿ ತರುತ್ತಿದ್ದೆ.

ಗಾಯ ಮಾಯದೆ ಕೀವಾಯಿತು. ಶಿವಮೊಗ್ಗಕ್ಕೆ ಕರೆದೊಯ್ದೆ. ಸವಳಂಗ ರಸ್ತೆಯ ಡಾಕ್ಟರಮ್ಮ ರಕ್ತ ನೋಡಿ ಸಕ್ಕರೆ ಕಾಯಿಲೆ ಅಂದರು.

"ಸೊಂಟದ ಹತ್ರದಿಂದ ಕಾಲ್ಬೆರಳ ತುದಿವರೆಗೂ ನರದ ಒಂದೇ ಎಳೆ ಬರುತ್ತೆ. ತುದಿಗೆ ಬೇಕಾದ್ದೆಲ್ಲ ಆ ಎಳೆ ಒಳಗೇ ಸಾಗಿ ಬರ್ಬೇಕು. ಸಕ್ಕರೆ ಜಾಸ್ತಿ ಆದ್ರೆ ಕಬ್ಬಿಣಕ್ಕೆ ತುಕ್ಕು ಹಿಡಿಯೋ ಥರ ಅದು ಒಳಗಡೆ ಕೆಡುತ್ತೆ, ಸಾಗಾಟ ನಿಂತೋಗುತ್ತೆ. ಎಲ್ಲಕ್ಕಿಂತ ದೂರ ಇರೋದು ಪಾದ. ಅದೇ ಮೊದ್ಲು ಸಾಯುತ್ತೆ."

"ತುಕ್ಕು ಬಿಡಿಸೋಕೆ ಆಗಲ್ವಾ ಮೇಡಂ?" ಅಂದರು ನಮ್ಮವರು.

"ಹೋದದ್ದು ಬರೋದು ಕಷ್ಟ. ಇನ್ನೊಂದ್ಸಲ ಸುಟ್ಕೊಂಡ್ರೆ ಕಾಲೇ ತೆಗೀಬೇಕಾಗುತ್ತೆ."

ಮರುವರ್ಷ ಕೆಂಡದ ದಿನ, ಮೊದಲು ಹಾಯುವವರಿಗೆ ಹಾಕುವ ಹಾರ ಹಿಡಿದು ಲಿಂಗಪ್ಪ ಮನೆಗೆ ಬಂದ. "ಚೌಡಪ್ಪಣ್ಣ, ಮೈಮೇಲೆ ದೇವರಿರೋನು ನೀನು. ನೀನೇ ಮುಂದೆ."

"ನನ್ನ ಕಾಲಲ್ಲಿರೋದು ದೇವರಲ್ಲ ಕಣೋ, ಸಕ್ಕರೆ. ಹಾಯಲ್ಲ."

"ಹೆಂಡ್ತಿ ಹೆದರಿಸಿದ್ಲಾ?"

"ಹೂಂ. ನಿನ್ನ ಹೆಂಡ್ತೀನೂ ಹೆದರಿಸ್ತಾಳೆ, ನೀನು ಹೊರಗೆ ಹೇಳಲ್ಲ ಅಷ್ಟೇ."

ನಾಚಿ ಮನೆಯಲ್ಲೇ ಕೂರುತ್ತಾರೆ ಅಂದುಕೊಂಡಿದ್ದರು ಜನ. ಇವರು ಕಾರ್ಖಾನೆಯ ಬೂಟು ಬಿಗಿದುಕೊಂಡು ಗುಡಿಯ ಮುಂದೆ ಹೋಗಿ, ಕೆಂಡ ಕೆದಕುವ ಉದ್ದದ ಗಳು ಕೈಗೆತ್ತಿಕೊಂಡರು.

"ದೇವರ ಕೆಂಡದ ಹತ್ರ ಬೂಟಾ? ಬಿಚ್ಚು, ಇಲ್ಲಾ ಆಚೆ ಹೋಗು!" ಲಿಂಗಪ್ಪ ಕೂಗಿದ.

"ಅನ್ನ ಹಾಕಿದ ಬೆಂಕಿ ಮುಂದೆ ಬೂಟಲ್ಲೇ ನಿಂತಿದ್ದೆ, ಅದು ಮುನಿಸ್ಕೊಳ್ಲಿಲ್ಲ. ಇದೂ ಮುನಿಸ್ಕೊಳ್ಳಲ್ಲ. ಹಾಯೋರು ಹಾಯ್ರಿ, ಕೆಂಡ ಹದ ಮಾಡ್ಕೊಡ್ತೀನಿ."

ಕೊನೆಯವನು ಹಾಯುವವರೆಗೂ ಅಲ್ಲಾಡಲಿಲ್ಲ. ನಾನೂ ಪಕ್ಕದಲ್ಲೇ ನಿಂತಿದ್ದೆ.

ಆಮೇಲೆ ನಮ್ಮ ಬಾಗಿಲಿಗೆ ಹಾರ ಬರಲಿಲ್ಲ. ಬರದಿದ್ದರೆ ಬೇಡ. ದಿನಾ ಬೆಳಿಗ್ಗೆ ಗಡ್ಡ ಕೆರೆಯುವ ಕನ್ನಡಿಯನ್ನು ಅಂಗಾಲಿಗೆ ಹಿಡಿದು ನೋಡಿಕೊಂಡೇ ಬದುಕಿದರು.

ಅವರು ಹೋದದ್ದು ಎದೆನೋವಿನಿಂದ. ಆ ದಿನ ಪಾದ ತೊಳೆದವಳು ನಾನೇ. ಎರಡೂ ಇದ್ದವು, ಬೆರಳು ಸಮೇತ.