ಕಲಾಯಿ ಇಸಾಕ್ ಕಳ್ಳಿ ಕಷಾಯ ಕುಡಿದು ತನ್ನೊಳಗೆ ಇಣುಕಿದ್ದು

ಪಿರಿಯಾಪಟ್ಟಣದ ಕಲಾಯಿ ಇಸಾಕನ ಪರಾಕ್ರಮ ಸುತ್ತ ಹತ್ತೂರಿಗೆ ಗೊತ್ತಿತ್ತು. ತಿದಿಯೊತ್ತಿ, ನವಸಾಗರ ಎರಚಿ, ಅರಳೆಯಿಂದ ಒಂದು ಸುತ್ತು ತವರ ಬಳಿದನೆಂದರೆ ಎಂಥ ಮೊಂಡು ಹಂಡೆಯೂ ಬೆಳ್ಳಿಯಾಗಿ ಶರಣಾಗುತ್ತಿತ್ತು. ಅಂಥ ವೀರನನ್ನು 1936ರ ಬೇಸಿಗೆಯಲ್ಲಿ ಹೆಂಡತಿ ಜೀನತುನ್ನೀಸಾ ಒಂದೇ ಮಾತಿನಲ್ಲಿ ಕೆಡವಿದಳು.

"ನಿಮ್ಮ ತಪ್ಪೇನು ಅಂತ ನಿಮಗೇ ಹೊಳೆದ ದಿನ ಹೇಳಿಕಳಿಸಿ, ಬರ್ತೀನಿ."

ಅಷ್ಟಂದವಳೇ ಗಂಟು ಕಟ್ಟಿಕೊಂಡು ಸಾಲಿಗ್ರಾಮದ ತಾಯಿಮನೆಗೆ ಹೊರಟುಬಿಟ್ಟಳು.

ಇಸಾಕ್ ಎಂಟು ದಿನ ತಪ್ಪು ಹುಡುಕಿದ. ಸಿಕ್ಕವೇನೋ ಬಹಳ, ಅವಳು ಹೇಳಿದ್ದು ಅವುಗಳಲ್ಲಿ ಯಾವುದು?

ಗೆಳೆಯ ಅಂಕಯ್ಯ ಕೊಡಗಿನ ಗಡಿಯಲ್ಲಿ ಕಾಫಿ ತೋಟದ ಬಿಳಿ ದೊರೆಯೊಬ್ಬನ ಬಂಗಲೆಯ ಮಾಲಿ. ಅವನು ಟವೆಲಿನಲ್ಲಿ ಸುತ್ತಿ ಮೊಳದುದ್ದದ ಹಸಿರು ಕಳ್ಳಿ ತಂದ.

"ದೊರೆ ಯಾವ್ದೋ ದೇಸದಿಂದ ತರ್ಸಿ ಕುಂಡದಲ್ಲಿ ಬೆಳ್ಸವ್ನೆ ಕಣ್ಲಾ. ಕಾಯ್ಸಿ ಕುಡಿದು ದಿನವೆಲ್ಲ ಕಣ್ಮುಚ್ಕೊಂಡು ಕೂತ್ಕತ್ತಾನೆ. ನಮ್ಮೊಳಗಿರೋದೆಲ್ಲ ಕಾಣ್ತದಂತೆ."

"ನಿನಗೇನು ಕಾಣ್ತು?"

"ನಾನ್ಯಾಕ್ಲಾ ಕುಡೀಲಿ? ನನ್ನೆಂಡ್ರು ಮನೇಲೇ ಅವ್ಳೆ."

ಇಸಾಕ್ ಮುಳ್ಳು ಹೆರೆದು, ಕಳ್ಳಿ ಕೊಚ್ಚಿ, ಕಹಿ ತಗ್ಗಲೆಂದು ಹುಣಸೆಹುಳಿ ಹಿಂಡಿ, ಅಡುಗೆಮನೆಯ ತಾಮ್ರದ ಪಾತ್ರೆಯಲ್ಲಿ ಮಧ್ಯಾಹ್ನದವರೆಗೆ ಕುದಿಸಿದ. ಮೂಗು ಹಿಡಿದು ಏರಿಸಿದ.

ಒಳಗಿನದರಲ್ಲಿ ಮೊದಲು ಕಂಡದ್ದು ಬೆಳಗ್ಗೆ ತಿಂದ ರೊಟ್ಟಿ. ಆಮೇಲೆ ಗೋಡೆ ಉಸಿರಾಡತೊಡಗಿತು. ಊರಿನ ಹಂಡೆ, ಕೊಳಗ, ತಪ್ಪಲೆಗಳೆಲ್ಲ ಸಾಲುಗಟ್ಟಿ ಬಂದು ಸಲಾಂ ಹೊಡೆದು ಹೋದವು. ಕೊನೆಗೆ ಬಂದ ಹಸಿರು ಮೋರೆಯ ಪಾತ್ರೆಯೊಂದು ಮಾತ್ರ ಸಲಾಂ ಹೊಡೆಯದೆ ಎದುರಿಗೇ ಕೂತು ದುರುಗುಟ್ಟಿತು.

"ನೀನು ಯಾರ ಮನೆಯದಮ್ಮಾ?" ಎಂದ ಇಸಾಕ್.

ಅವನು ಗಾಳಿಯೊಡನೆ ಮಾತಾಡುವುದನ್ನು ಕಂಡ ಅಂಕಯ್ಯ ಬೆದರಿ ಸಾಲಿಗ್ರಾಮಕ್ಕೆ ಹೇಳಿಕಳಿಸಿದ. ಮರುದಿನ ಜೀನತುನ್ನೀಸಾ ಗಂಟಿನ ಸಮೇತ ಹೊಸ್ತಿಲು ದಾಟುತ್ತಲೇ ಇಸಾಕ್ ಚಾಪೆಯ ಮೇಲಿಂದಲೇ ಒಪ್ಪಿಸತೊಡಗಿದ: "ನಿಮ್ಮಣ್ಣನ ಛತ್ರಿ ಮುರಿದದ್ದು ನಾನೇ. ನಿನ್ನ ಕೋಳಿ ನರಿಯ ಪಾಲಾಗಲಿಲ್ಲ, ನಾವಿಬ್ಬರೂ ತಿಂದೆವು..."

ಅಂಕಯ್ಯ ಮೆಲ್ಲಗೆ ಬಾಗಿಲ ಕಡೆ ಸರಿದ.

"ಇದ್ಯಾವುದೂ ಅಲ್ಲ," ಎಂದಳು ಅವಳು. "ಆದರೂ ನಿಲ್ಲಿಸಬೇಡಿ, ಹೇಳಿ."

ಆಗ ಒಲೆಯ ಮೇಲಿನ ಪಾತ್ರೆ ಅವಳ ಕಣ್ಣಿಗೆ ಬಿತ್ತು. "ಇದರಲ್ಲೇನು ಹುಳಿ ಕಾಯಿಸಿದ್ದು? ಊರಿಗೆಲ್ಲ ಕಲಾಯಿ ಹಾಕ್ತೀರಿ, ಇದೊಂದಕ್ಕೆ ಹಾಕಿಕೊಡಿ ಅಂತ ಎರಡು ವರ್ಷದಿಂದ ಬಾಯಿ ಬಡ್ಕೊಂಡೆನಲ್ಲ!"

ಇಸಾಕ್ ಇಣುಕಿದ. ಒಳಗೆಲ್ಲ ಕಿಲುಬು. ಅದೇ ಹಸಿರು ಮೋರೆ.

"ಹಾಗಾದ್ರೆ ನನಗೆ ತಪ್ಪು ತೋರ್ಸಿದ್ದು ಕಳ್ಳಿಯೋ, ಕಿಲುಬೋ?"

"ಮೊದಲು ತಿದಿ ಹಿಡೀರಿ."

ಸಂಜೆ ಅವಳು ಪಾತ್ರೆಯೊಳಗೆ ತನ್ನ ಮುಖ ನೋಡಿಕೊಂಡಳು. ಮೂಗುತಿ ಸ್ಪಷ್ಟವಾಗಿ ಕಂಡ ಮೇಲೆಯೇ ಗಂಟು ಬಿಚ್ಚಿದಳು. ಕೋಳಿಯ ಲೆಕ್ಕವನ್ನು ಮಾತ್ರ ಮರುದಿನಕ್ಕೆ ಇಟ್ಟುಕೊಂಡಳು.