ಒಂದೇ ಕಡೆಯ ಬಿರುಕು

ಅಕ್ಷರಗಳಿಗೆ ಗಾಯ ಮಾಡುವುದೇ ಆತನ ಕಸುಬು. ಪೋಸ್ಟರಿನ ತಲೆಬರಹಕ್ಕೆ ಇಟ್ಟಿಗೆಯಂಥ ದಪ್ಪಕ್ಷರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ, ಬಿಸಿಲುಮಳೆಗೆ ಮೈಯೊಡ್ಡಿದ ಗೋಡೆಬರಹದಂತೆ ಅಲ್ಲಲ್ಲಿ ಚಕ್ಕೆ ಎಬ್ಬಿಸುವುದರಲ್ಲಿ ಆತನದು ಎತ್ತಿದ ಕೈ. ಇಂಥ ಒಡಕಲು ಅಕ್ಷರಗಳು ಸಿದ್ಧವಾಗಿಯೇ ಸಿಗುತ್ತವೆ. ಆದರೆ ಒಂದೇ ಅಕ್ಷರ ಎರಡು ಸಲ ಬಂತೆಂದರೆ ಎರಡರಲ್ಲೂ ಬಿರುಕು ಅದೇ ಜಾಗದಲ್ಲಿ ಕೂತಿರುತ್ತದೆ. ಅಲ್ಲಿಗೆ ಗುಟ್ಟು ರಟ್ಟು.

ಅದನ್ನು ಹಿಡಿಯುತ್ತಿದ್ದವಳು ಅಕ್ಕ. ತಾಯಿಯಿಲ್ಲದ ತಮ್ಮನನ್ನು ಸಾಕಿ, ಅವನ ಅಂಗಡಿಯಲ್ಲೇ ಎದುರು ಮೇಜಿಗೆ ಕೂತು ಇಪ್ಪತ್ತು ವರ್ಷ ಕರಡು ತಿದ್ದಿದ ಪುಣ್ಯಾತ್ಗಿತ್ತಿ. ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿ, "ಏನೋ, ಇವೆರಡೂ ಒಂದೇ ಮೆಟ್ಟಿಲಲ್ಲಿ ಜಾರಿ ಬಿದ್ವಾ?" ಎನ್ನುವಳು. ಆತ ಗೊಣಗುತ್ತಲೇ ಒಂದೊಂದರ ಗಾಯವನ್ನೂ ಬೇರೆ ಮಾಡುವನು. ದೇವರು ಇಬ್ಬರಿಗೆ ಒಂದೇ ನೋವು ಕೊಟ್ಟದ್ದುಂಟೇ, ಬಂಧುಗಳೇ? ಕೊಡುವಾಗಲೂ ಆತ ಮುಖ ನೋಡಿಯೇ ಕೊಡುತ್ತಾನೆ, ಸವರುವಾಗಲೂ ಮುಖ ನೋಡಿಯೇ ಸವರುತ್ತಾನೆ.

ಅಕ್ಕ ತೀರಿಕೊಂಡು ಎರಡು ತಿಂಗಳಾಗಿತ್ತು. ತಮ್ಮ ಅತ್ತಿರಲಿಲ್ಲ. ಅಂಗಡಿ ತೆರೆದ, ಮುಚ್ಚಿದ. ಉಂಡದ್ದು ಉಪ್ಪೋ ಸಪ್ಪೆಯೋ ತಿಳಿಯಲಿಲ್ಲ. ಮುಷ್ಟಿಯುದ್ಧದ ಪಂದ್ಯಕ್ಕೆ ಪೋಸ್ಟರ್ ಕೇಳಿದರು. ‘ಮಹಾಸಂಗ್ರಾಮ’ ಎಂದು ಸಿದ್ಧ ಒಡಕಲು ಅಕ್ಷರಗಳಲ್ಲೇ ಹೊಡೆದು, ಇದ್ದದ್ದನ್ನು ಇದ್ದಂತೆಯೇ ಮುದ್ರಣಾಲಯಕ್ಕೆ ಕಳಿಸಿಬಿಟ್ಟ.

ಮಧ್ಯಾಹ್ನ ಮುದ್ರಣಯಂತ್ರ ನಡೆಸುವವನೇ ಕರಡನ್ನು ಸುತ್ತಿ ಕಂಕುಳಲ್ಲಿ ಇರುಕಿಕೊಂಡು ಬಂದ.

"ಅಣ್ಣಾ, ಮಿಷನ್ ನಿಲ್ಸಿ ಬಂದಿದೀನಿ. ಮೊದಲನೇ ‘ಮ’ ನೋಡಿ, ಕೊನೇ ‘ಮ’ ನೋಡಿ."

"ಏನಾಯ್ತೀಗ?"

"ಎರಡಕ್ಕೂ ಸೊಂಟಕ್ಕೇ ಪೆಟ್ಟು. ಅಕ್ಕ ಇದ್ದಿದ್ರೆ ನನ್ನ ಕಿವಿ ಹಿಂಡ್ತಿದ್ರು."

"ಅಕ್ಕ ಇಲ್ವಲ್ಲ. ಹೊಡಿ. ಗೋಡೆ ಮೇಲಿಂದು ಯಾರು ನೋಡ್ತಾರೆ?"

"ನಾನು ನೋಡ್ತೀನಿ. ನೋಡೋದು ಕಲ್ಸಿದ್ದೇ ಅವರು, ಈಗ ಕಣ್ಣು ಮುಚ್ಕೋ ಅಂದ್ರೆ ಹೇಗೆ? ಹೊಡಿ ಅಂದ್ರೆ ಹೊಡೀತೀನಿ. ಆದ್ರೆ ಕೆಳಗಡೆ ಅಂಗಡಿ ಹೆಸರು ತೆಗೆದುಬಿಡಿ. ಆ ಹೆಸರಲ್ಲಿ ಅವರೂ ಇದಾರೆ."

ಆತನಿಗೆ ಸಿಟ್ಟು ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ಇಪ್ಪತ್ತು ವರ್ಷದ ಹೆಸರು ಒಂದು ಮಾತಿಗೆ ಅಳಿಸಿಹೋಗುವುದಿತ್ತು. ತೆಗೆ ಎಂದು ಹೇಳಹೊರಟವನು ಎದ್ದು ಎದುರು ಮೇಜಿನ ಡ್ರಾಯರು ಎಳೆದ. ಕೆಂಪು ಪೆನ್ಸಿಲು ಅಲ್ಲೇ ಇತ್ತು, ತುದಿಯಲ್ಲಿ ಅಕ್ಕನ ಹಲ್ಲಿನ ಗುರುತು. ಅಳು ಬರಬಹುದೆಂದು ಸ್ವಲ್ಪ ಕಾದ. ಬರಲಿಲ್ಲ. ಎರಡೂ ‘ಮ’ಗಳಿಗೆ ಸುತ್ತು ಹಾಕಿದ.

ಆಮೇಲೆ ಕಂಪ್ಯೂಟರಿಗೆ ಕೂತು ಕೊನೆಯ ಅಕ್ಷರದ ಸೊಂಟ ತುಂಬಿಸಿ, ಬುಡದಲ್ಲಿ ಹೊಸದಾಗಿ ಚಕ್ಕೆ ಎಬ್ಬಿಸಿದ. ಅರ್ಧ ಗಂಟೆಯ ಕೆಲಸ. ಯಂತ್ರದವನು ಅಷ್ಟೂ ಹೊತ್ತು ಸ್ಟೂಲಿನ ಮೇಲೆ ಕೂತಿದ್ದ. ಅಕ್ಕನ ಕುರ್ಚಿಯನ್ನು ಮುಟ್ಟಲಿಲ್ಲ.

ಅವನು ಹೋಗಿ ಹೊಸ ಕರಡನ್ನು ತಂದಾಗ ಆ ಕುರ್ಚಿಯಲ್ಲಿ ತಮ್ಮನೇ ಕೂತ. ಪೆನ್ಸಿಲು ಹಿಡಿದು ಮೊದಲಿಂದ ನೋಡುತ್ತ ಬಂದು, ಒಂದು ಕಡೆ ನಿಲ್ಲಿಸಿದ.

"ಇಲ್ಲಿ ‘ಸಂ’ನ ಸೊನ್ನೆ ಒಂಚೂರು ಜಾಸ್ತಿ ಒಡೆದಿದೆ," ಎಂದ. "ಇರು, ಸರಿ ಮಾಡ್ತೀನಿ."