ಹುಡುಗಿಗೂ ಹುಡುಗನಿಗೂ ಎಫ್‌ಸಿ

ಕಳೆದ ವಾರ ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಹಾಲು ತರಲು ಹೋದವಳು ಒಂದು ಗ್ಯಾರೇಜಿನ ಮುಂದೆ ನಿಂತುಬಿಟ್ಟೆ. ಹಳದಿ ಪೇಂಟಿನ ವಾಸನೆ. ಥಿನ್ನರ್ ಬೆರೆತ, ಮೂಗಿಗೆ ಹತ್ತಿ ಅಲ್ಲೇ ಕೂತುಬಿಡುವ ಆ ಘಾಟು... ಕಿಟಕಿ ಗಾಜಿಗೆಲ್ಲ ಹಳೇ ಪೇಪರು ಅಂಟಿಸಿಕೊಂಡು ಒಂದು ಸ್ಕೂಲ್ ವ್ಯಾನ್ ನಿಂತಿತ್ತು. ಶಾಲೆ ಶುರುವಾಗುವ ಮುಂಚೆ ವ್ಯಾನುಗಳಿಗೆ ಹೀಗೆ ಹೊಸ ಬಣ್ಣ ಬೀಳುವುದು ಇದ್ದದ್ದೇ. ಆದರೂ ಕಾಲು ಏಳಲಿಲ್ಲ.

ಕೆಲವು ವರ್ಷಗಳ ಹಿಂದೆ ನಾವು ಭದ್ರಾವತಿಯಲ್ಲಿದ್ದೆವು. ನಾನು ಓದಿದ ಶಿವಮೊಗ್ಗದ ಕಾನ್ವೆಂಟಿಗೇ ಮಗಳನ್ನೂ ಸೇರಿಸಿದ್ದೆ. ಅವಳನ್ನು ದಿನಾ ಕರೆದುಕೊಂಡು ಹೋಗಿ ಬರುತ್ತಿದ್ದವರು ನಮ್ಮ ಹಿಂದಿನ ಬೀದಿಯ ವ್ಯಾನ್ ಮಾಮ. ಮಕ್ಕಳು ಇಟ್ಟ ಹೆಸರು ಅದು, ಬರಬರುತ್ತಾ ದೊಡ್ಡವರ ಬಾಯಲ್ಲೂ ಅದೇ ಆಯಿತು. ಅವರ ತಂದೆ ಫ್ಯಾಕ್ಟರಿ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದು ಇಲ್ಲೇ ಉಳಿದವರಂತೆ. ಹಾಗಾಗಿ ಮಾಮನಿಗೆ ಎಲ್ಲ ಮಕ್ಕಳೂ ತಮಿಳರು ಮುದ್ದಿಗೆ ಕರೆಯುವಂತೆ 'ಕಣ್ಣು'. ಬಾಗಿಲು ಹಿಡಿದು ನಿಂತು "ಹತ್ತು ಕಣ್ಣು, ಹತ್ತು ಕಣ್ಣು" ಎನ್ನುವರು. ಯುಕೆಜಿಯಲ್ಲಿದ್ದಾಗ ನನ್ನ ಮಗಳು ಒಂದು ಸಂಜೆ ಬಂದು, "ಅಮ್ಮಾ, ಹತ್ತು ಕಣ್ಣು ಯಾರಿಗಿದೆ?" ಎಂದು ಗಂಭೀರವಾಗಿ ಕೇಳಿದ್ದಳು.

ವರ್ಷಕ್ಕೊಮ್ಮೆ ಆ ವ್ಯಾನಿಗೆ ಎಫ್‌ಸಿ ಮಾಡಿಸಬೇಕಿತ್ತು. ಗಾಡಿ ರಸ್ತೆಗಿಳಿಯಲು ಯೋಗ್ಯವಾಗಿದೆ ಎಂದು ಆರ್‌ಟಿಓ ಆಫೀಸಿನವರು ನೋಡಿ ಕೊಡುವ ಸರ್ಟಿಫಿಕೇಟು ಅದು. ಅದರ ಹಿಂದಿನ ಭಾನುವಾರ ಮಾಮ ಲುಂಗಿ ಎತ್ತಿಕಟ್ಟಿ, ಬ್ರಷ್ ಹಿಡಿದು ತಾವೇ ಬಣ್ಣ ಬಳಿಯುತ್ತಿದ್ದರು. ಆ ವಾರವೆಲ್ಲ ಮಕ್ಕಳ ಬಿಳಿ ಸಾಕ್ಸಿನ ಮೇಲೆ ಹಳದಿ ಚುಕ್ಕೆ.

"ಏನ್ ಮಾಮ, ಅಲಂಕಾರ ಜೋರಿದೆ?" ಎಂದರೆ, "ಹುಡುಗಿ ನೋಡೋಕೆ ಬರ್ತಾರಲ್ಲಮ್ಮಾ! ಒಪ್ಪಿಲ್ಲ ಅಂದ್ರೆ ಮನೇಲೇ ಇಟ್ಕೋಬೇಕಾಗುತ್ತೆ" ಎನ್ನುತ್ತಿದ್ದರು.

ತಮ್ಮ ಲೈಸೆನ್ಸ್ ರಿನ್ಯೂ ಮಾಡಿಸುವ ವರ್ಷ ಬಂದರೆ, "ಈ ಸಲ ಹುಡುಗನಿಗೂ ಎಫ್‌ಸಿ" ಎಂದು ತಮ್ಮ ಎದೆ ತಟ್ಟಿಕೊಂಡು ನಗುವರು. ಬಾಡಿಗೆ ಗಾಡಿ ಓಡಿಸುವವರು ರಿನ್ಯೂ ಮಾಡಿಸಲು ಡಾಕ್ಟರ ಸರ್ಟಿಫಿಕೇಟು ಕೊಡಬೇಕಿತ್ತು. ಮಾಮ ಹೋಗುತ್ತಿದ್ದ ವಯಸ್ಸಾದ ಡಾಕ್ಟರು ನೋಡದೆ ಸಹಿ ಹಾಕುವವರಲ್ಲ. ಮಾಮನಿಗೆ ಶುಗರ್ ಇದೆಯೆಂದು ಗೊತ್ತಾಗಿದ್ದೇ ಅಲ್ಲಿ. ಇಳಿಸಿಕೊಂಡು ಬಾ, ಆಮೇಲೆ ಸಹಿ ಎಂದು ವಾಪಸು ಕಳಿಸಿದ್ದರಂತೆ. ಮಾಮ ಬೆಳಗಿನ ಜಾವ ವಾಕಿಂಗ್ ಮಾಡಿದರು, ಸಕ್ಕರೆ ಬಿಟ್ಟರು, ನಮ್ಮ ಹಿತ್ತಿಲ ಹಾಗಲಕಾಯಿ ಅರ್ಧಕ್ಕರ್ಧ ಅವರ ಮನೆಗೇ ಹೋಯಿತು. ಸಹಿ ಸಿಕ್ಕಿದ ಸಂಜೆ ಬೀದಿಗೆಲ್ಲ ಜಿಲೇಬಿ ಹಂಚಿ, ತಾವೂ ಬಾಯಿಗೆ ಹಾಕಿಕೊಂಡರು.

"ಹೂಂ, ತಿನ್ನಿ ತಿನ್ನಿ. ಡಾಕ್ಟ್ರ ಸಹಿ ಸಿಕ್ತಲ್ಲ, ಇನ್ನು ನಿಮ್ಮನ್ನ ಹಿಡಿಯೋರು ಯಾರು!" ಎಂದು ಅವರ ಹೆಂಡತಿ ಗದರಿದ್ದರು. ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ.

ಹೌದು, ಮಾಮ ಡಾಕ್ಟರ ಮೆಟ್ಟಿಲು ಹತ್ತುತ್ತಿದ್ದದ್ದು ಲೈಸೆನ್ಸಿಗಾಗಿ ಮಾತ್ರ.

ಆಮೇಲೆ ಕೊರೊನಾ ಬಂತು. ಶಾಲೆ ಮುಚ್ಚಿತು. ವ್ಯಾನು ಹೊಂಗೆಮರದ ಕೆಳಗೆ ನಿಂತಲ್ಲೇ ನಿಂತು, ಮೇಲೆಲ್ಲ ಹೂವುದುರಿ, ಬೆಕ್ಕೊಂದು ಹಿಂದಿನ ಸೀಟಿನಲ್ಲಿ ಮರಿ ಹಾಕಿತು. ಆ ಬೇಸಿಗೆಯಲ್ಲೇ ವ್ಯಾನಿನ ಎಫ್‌ಸಿಯೂ ಮಾಮನ ಲೈಸೆನ್ಸೂ ಎರಡೂ ಮುಗಿಯುವುದರಲ್ಲಿದ್ದವು. ಆಫೀಸುಗಳಿಗೆ ಬೀಗ. ಮುಖಕ್ಕೆ ಟವೆಲು ಸುತ್ತಿಕೊಂಡು ನಮ್ಮ ಕಾಂಪೌಂಡಿನಾಚೆ ನಿಂತ ಮಾಮ, "ಮಾಚೇನಹಳ್ಳಿ ವರ್ಕ್‌ಶಾಪಿನೋರು ಟೆಂಪೋ ಓಡಿಸೋಕೆ ಕರೀತಿದಾರೆ. ಲೈಸೆನ್ಸ್ ಇಲ್ದೆ ಹೆಂಗಮ್ಮಾ ಹೋಗ್ಲಿ? ಹುಡುಗಿ ನಿಂತ್ರೆ ನಿಲ್ಲಲಿ, ನಾನು ನಿಂತ್ರೆ ಒಲೆ ಹತ್ತಲ್ಲ" ಎಂದರು. ಅವರ ಕಣ್ಣಲ್ಲಿ ನಗು ಇಲ್ಲದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕೆಲವೇ ದಿನಗಳಲ್ಲಿ ಪೇಪರಿನಲ್ಲಿ ಸುದ್ದಿ ಬಂತು. ಅವಧಿ ಮುಗಿದ ಲೈಸೆನ್ಸು, ಎಫ್‌ಸಿ, ಪರ್ಮಿಟ್ಟು ಎಲ್ಲವನ್ನೂ ಸದ್ಯಕ್ಕೆ ಚಾಲ್ತಿಯಲ್ಲಿವೆ ಎಂದೇ ಪರಿಗಣಿಸಬೇಕು ಎಂದು. ನಾನು ಗೇಟಿನ ಹತ್ತಿರ ನಿಂತು ಓದಿ ಹೇಳಿದೆ. ಮಾಮ ಇನ್ನೊಮ್ಮೆ ಓದಿಸಿದರು.

"ಹುಡುಗೀದೂ ಮುಂದಕ್ಕೆ, ಹುಡುಗಂದೂ ಮುಂದಕ್ಕೆ! ಸರ್ಕಾರ ಬದುಕಿಸ್ತು ಕಣಮ್ಮಾ."

ಅದು ನಿಜವೂ ಆಗಿತ್ತು. ಮರುವಾರದಿಂದಲೇ ಅವರು ಟೆಂಪೋ ಓಡಿಸತೊಡಗಿದರು. ಆ ಮನೆಯ ಕುಕ್ಕರ್ ಸದ್ದು ಮತ್ತೆ ನಮ್ಮ ಹಿತ್ತಿಲಿಗೆ ಕೇಳತೊಡಗಿತು...

ಗಡುವು ಮುಗಿಯುತ್ತಾ ಬಂದಾಗ ಮತ್ತೆ ಮುಂದಕ್ಕೆ ಹಾಕಿದರು. ಆಮೇಲೆ ಇನ್ನೊಮ್ಮೆ. ಒಂದು ದಿನ ಮಾಮ ಟೆಂಪೋದಿಂದ ಇಳಿಯುವಾಗ ಗಮನಿಸಿದೆ, ಬಲಗಾಲಿಗೆ ಶೂ, ಎಡಗಾಲಿಗೆ ಹವಾಯಿ ಚಪ್ಪಲಿ. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಏನೋ ಚುಚ್ಚಿದ್ದು, ವಾಸಿಯೇ ಆಗುತ್ತಿಲ್ಲವಂತೆ.

"ಶುಗರ್ ಇರೋರು ಹೀಗೆ ಬಿಡಬಾರ್ದು ಮಾಮ, ತೋರಿಸ್ಕೊಳ್ಳಿ" ಎಂದೆ.

"ತೋರಿಸ್ತೀನಮ್ಮಾ. ಡೇಟ್ ಬಂದಾಗ ಹೆಂಗೂ ಡಾಕ್ಟ್ರ ಹತ್ರ ಹೋಗ್ಲೇಬೇಕಲ್ಲ. ಎರಡೆರಡು ಸಲ ಯಾಕೆ?"

ಅಕ್ಕನೂ ಹೇಳಿ ಹೇಳಿ ಸೋತಿದ್ದರು. "ನಮ್ಮೋರ್ನ ಕೇಳಿದ್ರೆ, ನಾನಿನ್ನೂ ವ್ಯಾಲಿಡ್ ಇದೀನಿ ಕಣೇ ಅಂತಾರೆ. ಏನು ಮಾಡ್ಲಿ ಮಾರಾಯ್ತಿ, ಎತ್ಕೊಂಡು ಹೋಗ್ಲಾ?" ಎಂದು ಬಟ್ಟೆ ಹಿಂಡುತ್ತಾ ನಕ್ಕಿದ್ದರು. ಡೇಟು ಹತ್ತಿರ ಬಂತು. ಮತ್ತೆ ಮುಂದಕ್ಕೆ ಹೋಯಿತು. ಆಗ ಎರಡನೇ ಅಲೆ, ಆಸ್ಪತ್ರೆ ಎಂದರೆ ಎಲ್ಲರಿಗೂ ನಡುಕ. ಮಾಮನಿಗೆ ಇನ್ನೊಂದು ನೆಪ ಸಿಕ್ಕಿತು.

ಕೊನೆಗೆ ಚಳಿಜ್ವರ ಬಂದು ಮೈಮೇಲೆ ಎಚ್ಚರವಿಲ್ಲದಾಗ ಶಿವಮೊಗ್ಗಕ್ಕೆ ಸಾಗಿಸಿದರು. ನಂಜು ಕಾಲಿನಿಂದ ಮೈಗೆಲ್ಲ ಏರಿತ್ತು. ಮಾಮ ವಾಪಸು ಬರಲಿಲ್ಲ.

ಬೀದಿಯಲ್ಲಿ ಒಬ್ಬೊಬ್ಬರೇ ಕಿಟಕಿ ಮುಚ್ಚಿಕೊಂಡರು. ಆಗಿನ ಕಾಲ ಹಾಗಿತ್ತು. ಅಕ್ಕ ಒಂದೊಂದೇ ಗೇಟಿನ ಮುಂದೆ ನಿಂತು, "ಕೊರೊನಾ ಅಲ್ಲ ಕಣ್ರೀ, ಕಾಲು... ಕಾಲು ಅಷ್ಟೇ" ಎಂದು ಹೇಳುತ್ತಾ ಹೋದರು. ತಮ್ಮ ಕಾಲನ್ನೇ ಮುಟ್ಟಿ ತೋರಿಸುತ್ತಿದ್ದರು. ನಮ್ಮ ಗೇಟಿನ ಮುಂದೆ ಅದನ್ನು ಹೇಳಲಿಲ್ಲ. ಸರಳು ಹಿಡಿದು ನಿಂತರು. ನಾನು ಗೇಟು ತೆಗೆದೆ.

ಮಾಮ ಹೋದ ದಿನ ಅವರ ಲೈಸೆನ್ಸು ಚಾಲ್ತಿಯಲ್ಲೇ ಇತ್ತು.

ಶಾಲೆ ಮತ್ತೆ ತೆರೆಯುವ ಹೊತ್ತಿಗೆ ವ್ಯಾನು ಮಾರಾಟವಾಗಿತ್ತು. ಅಕ್ಕ ತಮ್ಮ ತಂಗಿಯ ಊರಿಗೆ ಹೊರಟುಹೋದರು. ಮಗಳು ಕಾಲೇಜಿಗೆ ಸೇರಿದಾಗ ನಾವೂ ಶಿವಮೊಗ್ಗಕ್ಕೆ ಬಂದೆವು. ಅವಳಿಗೆ ಈಗ ಮಾಮ ಎಂದರೆ ಏನೋ ಹಳದಿ ನೆನಪು, ಆ ಹತ್ತು ಕಣ್ಣು, ಅಷ್ಟೇ ಇರಬಹುದು.

ಗ್ಯಾರೇಜಿನಲ್ಲಿ ಬಣ್ಣ ಬಳಿಯುತ್ತಿದ್ದ ಆಸಾಮಿ, ನಲವತ್ತು ದಾಟಿದವನು, ಬ್ರಷ್ ನಿಲ್ಲಿಸಿ ತಿರುಗಿದ. ಹೊಟ್ಟೆ ಸ್ವಲ್ಪ ಮುಂದೆ ಬಂದಿತ್ತು. ಪಕ್ಕದಲ್ಲಿ ಅರ್ಧ ಕುಡಿದ ಟೀ ಲೋಟ.

"ವ್ಯಾನ್ ಬೇಕಿತ್ತಾ ಮೇಡಂ? ಮಗು ಯಾವ್ ಸ್ಕೂಲು?"

"ಇಲ್ಲಪ್ಪ, ಸುಮ್ನೆ ನೋಡ್ತಿದ್ದೆ. ಎಫ್‌ಸಿ ಯಾವಾಗ?"

"ನಾಳೇನೇ. ಅದಕ್ಕೇ ಈ ಪಾಡು."

"ನಿಮ್ದು?"

ಅವನಿಗೆ ಅರ್ಥವಾಗಲಿಲ್ಲ. ವ್ಯಾನಿನ ಕಡೆಗೊಮ್ಮೆ ಬ್ರಷ್ ತೋರಿಸಿ, "ನಂದೇ ಮೇಡಂ, ಇದು ನಂದೇ" ಎಂದು ನಕ್ಕ.